ಅತ್ತೆಯವರಿಗೆ ಸರಿಯಾದ ಹೊತ್ತಿಗೆ ಬಂದ ಎದೆನೋವು

ಕಳೆದ ಶನಿವಾರ ಮಧ್ಯಾಹ್ನ ನಮ್ಮ ಅತ್ತೆಯವರಿಗೆ ಎದೆನೋವು ಬಂತು. ಸರಿಯಾದ ಹೊತ್ತಿಗೆ ಬಂತು. ಬರದೇ ಇದ್ದಿದ್ದರೆ ಈ ವಾರ ಈ ಜಾಗದಲ್ಲಿ ನನ್ನ ಬರಹದ ಬದಲು ಯಾವುದೋ ಸೀಲಿಂಗ್ ಫ್ಯಾನಿನ ಜಾಹೀರಾತು ಇರುತ್ತಿತ್ತು.

ಗಾಬರಿಯಾಗಬೇಡಿ. ಅತ್ತೆಯವರು ಆರಾಮಾಗಿದ್ದಾರೆ. ನಾನು ಇದನ್ನು ಬರೆಯುವ ಹೊತ್ತಿಗೆ ಹೊರಗಿನ ಕೋಣೆಯಲ್ಲಿ ಕೂತು ಟಿವಿಯಲ್ಲಿ ಮರಾಠಿ ಸೀರಿಯಲ್ ನೋಡುತ್ತ, ಅರ್ಥವಾಗದ ಕಡೆಯೂ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

ಆದದ್ದಿಷ್ಟು. ಪುಣೆಯ ಹಡಪಸರದಲ್ಲಿ ನಮ್ಮವರ ಚಿಕ್ಕಪ್ಪನ ಮಗಳು ನಳಿನಿ ಇದ್ದಾಳೆ. ಅವಳ ಮಗಳ ಕುಬಸ, ಅಂದರೆ ಸೀಮಂತ. ಊರಿನ ಇನ್ನೊಂದು ತುದಿಯ ಕೋಥರೂಡದ ನಮ್ಮ ಮನೆಯಿಂದ ನಾವೆಲ್ಲ ಹೋಗಿದ್ದೆವು. ನಾವೆಲ್ಲ ಎಂದರೆ ನಾನು, ನಮ್ಮವರು, ಬೆಳಗಾವಿಯಿಂದ ಬಂದಿದ್ದ ಅತ್ತೆಯವರು ಮತ್ತು ನಮ್ಮ ಹೊಸ ಕಾರು. (ಕಾರನ್ನೂ ಮನೆಯ ಮಂದಿಯಲ್ಲಿ ಸೇರಿಸಿದವಳು ನಾನಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಸ್ನಾನ ಮಾಡಿಸುವವರು ಸೇರಿಸಿದ್ದಾರೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಕೂತು ಎದ್ದರೆ ಸೀರೆಯ ಜೊತೆ ಸೀಟೂ ಏಳುತ್ತದೆ.)

ನಮ್ಮವರ ಬಗ್ಗೆ ಹೊಸ ಓದುಗರಿಗೆ ಒಂದು ಮಾತು ಹೇಳಬೇಕು. ಅವರು ತಮ್ಮ ಕಂಪನಿಯ ಸೇಫ್ಟಿ ಕಮಿಟಿಯ ಸದಸ್ಯರು. ಬೆಂಕಿ ಹತ್ತಿದರೆ ಏನು ಮಾಡಬೇಕು, ಏಣಿ ಹತ್ತುವಾಗ ಏನು ಮಾಡಬಾರದು, ಎಲ್ಲ ಬಾಯಿಪಾಠ. ನಾನು ಸ್ಟೂಲ್ ಹತ್ತಿ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿದರೆ ಕೆಳಗೆ ನಿಂತು ಭಾಷಣ ಮಾಡುತ್ತಾರೆ. (ಭರಣಿ ಹಿಡಿದುಕೊಳ್ಳುವುದಿಲ್ಲ. ಭಾಷಣ ಮಾತ್ರ.)

ಊಟ ಮುಗಿದು ನಾವು ಹೊರಡುವ ಹೊತ್ತಿಗೆ ಆಕಾಶ ಕಾವಲಿಯ ತಳದ ಹಾಗೆ ಕರ್ರಗಾಗಿತ್ತು. ಗಾಳಿಯೇ ಇಲ್ಲ. ಎಲೆ ಅಲ್ಲಾಡುತ್ತಿಲ್ಲ. ನಳಿನಿ ನಮ್ಮವರಿಗೆ ಅಡ್ಡವಾಗಿ ಬಾಗಿಲಲ್ಲಿ ನಿಂತಳು. "ಪಮ್ಯಾ, ಇವತ್ತಿನ ಮಾಡಾ ಬ್ಯಾರೆನ ಕಾಣಸ್ತದ. ಒಂದೀಟು ಚಾ ಕುಡದು, ಮಳಿ ನಿಂತಮ್ಯಾಲೆ ಹೋಗ್ರಿ."

"ಪುಣೆ ಮಳಿ ಏನ್ ಮಹಾ? ಹಿಂಗ ಬರ್ತದ, ಹಂಗ ಹೋಗ್ತದ" ಎಂದರು ನಮ್ಮವರು.

ನಮ್ಮ ಉತ್ತರ ಕರ್ನಾಟಕದ ಮಂದಿ ಒಂದು ಮನೆಯಿಂದ ಹೊರಡುವುದು ಎಷ್ಟು ಹೊತ್ತಿನ ಕೆಲಸ ನಿಮಗೆ ಗೊತ್ತೇ ಇದೆ. ಸೋಫಾದ ಹತ್ತಿರ ಒಮ್ಮೆ "ಬರ್ತೀವ್ರಿ", ಬಾಗಿಲಲ್ಲಿ ಒಮ್ಮೆ, ಲಿಫ್ಟಿನ ಹತ್ತಿರ ಒಮ್ಮೆ. ಗೇಟಿನಲ್ಲಿ ನಿಜವಾದ ಮಾತು ಶುರು. ಎಂದೂ ಇಲ್ಲದ ಆ ದಿನ ಮಾತ್ರ ನಾವು ಒಂದೇ "ಬರ್ತೀವ್ರಿ"ಗೆ ಹೊರಬಿದ್ದೆವು. ಕಾರಣ? ಹೊಸ ಕಾರು ನಳಿನಿಯ ಅಪಾರ್ಟ್‌ಮೆಂಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ಕಾಗೆಗಳಿದ್ದವು.

ಅರ್ಧ ದಾರಿಗೆ ಬರುವುದರೊಳಗೆ ಗಾಳಿ ಎದ್ದಿತು. ಎದ್ದಿತು ಎಂದರೆ ಯಾರೋ ರಸ್ತೆಯನ್ನೇ ಕೊಡವಿ ಹಾಸಿದ ಹಾಗೆ ಎದ್ದಿತು. ಧೂಳು, ಎಲೆ, ಪ್ಲಾಸ್ಟಿಕ್ ಚೀಲ, ಯಾರದೋ ಟವೆಲ್ಲು. ಒಂದು ತಗಡಿನ ಹಾಳೆ ರಸ್ತೆಯ ಮೇಲೆ ಗರಗರ ಸುತ್ತುತ್ತ ನಮ್ಮನ್ನು ಓವರ್‌ಟೇಕ್ ಮಾಡಿತು. ಅದರ ಹಿಂದೆಯೇ ಆಣೆಕಲ್ಲು. ಟಪ್ ಟಪ್ ಎಂದು ಕಾರಿನ ತಲೆಯ ಮೇಲೆ.

ಆ ಒಂದೊಂದು ಟಪ್ಪಿಗೂ ನಮ್ಮವರ ಮುಖ ನೋಡಬೇಕಿತ್ತು. ಕಲ್ಲು ಅವರ ತಲೆಯ ಮೇಲೇ ಬೀಳುತ್ತಿದ್ದ ಹಾಗೆ. ಸರಕ್ಕನೆ ಎಡಕ್ಕೆ ತಿರುಗಿಸಿ ಫುಟ್‌ಪಾತಿಗೆ ತಾಗಿ ನಿಲ್ಲಿಸಿದರು. ನೋಡುತ್ತೇನೆ, ತಲೆಯ ಮೇಲೆ ಮೂರಂತಸ್ತಿನಷ್ಟು ಎತ್ತರದ ಹೋರ್ಡಿಂಗು. ಅದರ ಮೇಲೆ ಸೀರೆಯ ಅಂಗಡಿಯ ಹುಡುಗಿ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಗುತ್ತಿದ್ದಾಳೆ.

"ರೀ, ಇದರ ಬುಡಕ್ಕ ಬ್ಯಾಡ್ರಿ" ಎಂದೆ.

"ನೀ ಸುಮ್ಮ ಕೂಡು. ಆಣಿಕಲ್ಲಿಗೆ ಬಾನೆಟ್ ತಗ್ಗ ಬೀಳ್ತದ."

ಅಷ್ಟರಲ್ಲಿ ರೇನ್‌ಕೋಟಿನ ಟ್ರಾಫಿಕ್ ಮಾಮಾ ಒಬ್ಬ (ಪುಣೆಯಲ್ಲಿ ಪೊಲೀಸರೆಲ್ಲ ನಮಗೆ ತಾಯಿಯ ತಮ್ಮಂದಿರು) ಓಡಿ ಬಂದು ಬಾನೆಟ್ಟಿನ ಮೇಲೆ ಕೈ ಬಡಿದ. "ಓ ಸಾಹೇಬ, ಗಾಡೀ ಕಾಢಾ! ಪುಢೇ ಚಲಾ!" ಬಾನೆಟ್ಟಿಗೆ ಕೈ ಬಡಿದದ್ದಕ್ಕೆ ನಮ್ಮವರು ಕನ್ನಡದಲ್ಲಿ ಅವನಿಗೆ ಏನೋ ಅಂದರು, ಮರಾಠಿಯಲ್ಲಿ ಸಾರಿ ಎಂದರು, ಗಾಡಿ ತೆಗೆದರು. ನಾಲ್ಕು ಕಟ್ಟಡ ದಾಟಿಲ್ಲ, ಹಿಂದಿನಿಂದ ಉದ್ದಕ್ಕೆ ಕಿರ್ರ್ ಎಂಬ ಸದ್ದು. ಹೋರ್ಡಿಂಗಿನ ಬಟ್ಟೆ ಹರಿದು, ಕಬ್ಬಿಣದ ಚೌಕಟ್ಟು ಮಂಡಿಯೂರಿದ ಹಾಗೆ ಬಗ್ಗಿ ಫುಟ್‌ಪಾತಿನ ಮೇಲೆ ಕೂತಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಮಾಮಾ ಎಲ್ಲರನ್ನೂ ಓಡಿಸಿದ್ದ.

ನಮ್ಮವರು ಕನ್ನಡಿಯಲ್ಲಿ ನೋಡಿದರು. ಆಮೇಲೆ ಗಂಭೀರವಾಗಿ ಹೇಳಿದರು: "ನೋಡಿದ್ಯಾ? ಅದಕ್ಕ ನಾ ಗಾಡಿ ತಗದೆ."

ಹಿಂದಿನ ಸೀಟಿನಲ್ಲಿ ಅತ್ತೆಯವರು ಕೆಮ್ಮಿದರು.

ಮುಂದೆ ರಸ್ತೆ ಜಾಮ್. ಮರ ಬಿದ್ದಿದೆಯೆಂದು ಯಾರೋ ಕೂಗಿದರು. ಈಗ ಮಳೆ ಕೊಡದಿಂದ ಸುರಿದ ಹಾಗೆ. ಬುದ್ಧಿಯಿದ್ದವರು ಅಲ್ಲೇ ಗಾಡಿ ಬದಿಗಿಟ್ಟು ಯಾವುದಾದರೂ ಹೋಟೆಲ್ಲಿಗೆ ನುಗ್ಗಿ ಮಿಸಳ ತಿನ್ನುತ್ತಾರೆ. ನಮ್ಮವರಿಗೆ ಶಾರ್ಟ್‌ಕಟ್ ನೆನಪಾಯಿತು. ಗಂಡಸರಿಗೆ ಮದುವೆಯ ದಿನ ಮರೆಯುತ್ತದೆ, ಶಾರ್ಟ್‌ಕಟ್ ಮರೆಯುವುದಿಲ್ಲ.

ಆ ಒಳರಸ್ತೆ ಒಂದು ಓಢಾ ದಾಟಿ ಹೋಗುತ್ತದೆ. ಓಢಾ ಅಂದರೆ ನಮ್ಮ ಕಡೆಯ ಹಳ್ಳ. ವರ್ಷವಿಡೀ ಅದರಲ್ಲಿ ನೀರು ಬಿಟ್ಟು ಬೇರೆಲ್ಲ ಇರುತ್ತದೆ: ಹಳೇ ಹಾಸಿಗೆ, ತೆಂಗಿನ ಚಿಪ್ಪು, ಕಟ್ಟಡದ ಮಣ್ಣು. ಎರಡೂ ಬದಿಗೆ ಅಪಾರ್ಟ್‌ಮೆಂಟುಗಳು ಒತ್ತಿಕೊಂಡು ಬಂದು ಅದನ್ನು ಗಟಾರದಷ್ಟು ಮಾಡಿವೆ. ಆ ದಿನ ಅದು ತನ್ನ ಹಳೇ ಜಾಗ ಹುಡುಕಿಕೊಂಡು ಬಂದಿತ್ತು. ಗಿಡ್ಡ ಸೇತುವೆಯ ಮೇಲೆ ಚಹಾದ ಬಣ್ಣದ ನೀರು ಅಡ್ಡಡ್ಡ ಹರಿಯುತ್ತಿತ್ತು. ಕಂಬಿಯ ಕಟಕಟೆ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ.

ನಮ್ಮ ಮುಂದೆ ಒಂದು ಸಿಟಿ ಬಸ್ಸು ನೀರು ಸೀಳಿಕೊಂಡು ಆಚೆ ದಾಟಿತು.

"ಬಸ್ಸು ಹೋತು" ಎಂದರು ನಮ್ಮವರು, ಲೆಕ್ಕ ಬಗೆಹರಿದವರ ಹಾಗೆ.

"ರೀ, ಅದು ಬಸ್ಸು. ನಿಂದ್ರಸ್ರಿ."

"ಬರೇ ಪಾದ ಮುಳುಗೂವಷ್ಟ ಅದ."

"ನಿಂದ್ರಸ್ರೀ ಅಂದೆ!"

"ನಿನಗ ಡ್ರೈವಿಂಗ್ ಬರ್ತದೇನು?"

ನನಗೆ ಡ್ರೈವಿಂಗ್ ಬರುವುದಿಲ್ಲ. ಈಜೂ ಬರುವುದಿಲ್ಲ. ಹಿಂದಿನಿಂದ ಕೆಂಪು ಕಾರೊಂದು ಪೇಂ ಪೇಂ ಎನ್ನುತ್ತಿತ್ತು. ನಮ್ಮವರು ಫಸ್ಟ್ ಗೇರ್ ಹಾಕಿದರು. ಮುಂದಿನ ಗಾಲಿಗೆ ನೀರು ತಾಗಿದ ಸದ್ದು ನನಗೆ ಕೇಳಿಸಿತು. ಸ್ಟಿಯರಿಂಗ್ ಒಂದು ಬದಿಗೆ ಜಗ್ಗಿತು.

ಆಗ ಹಿಂದಿನ ಸೀಟಿನಿಂದ ಬಂತು ಆ ದನಿ.

"ಪಮ್ಯಾ... ಎದಿ ಹಿಡಕೊಂಡಂಗ ಆಗ್ಲಿಕತ್ತದೋ..."

ತಿರುಗಿ ನೋಡಿದರೆ ಅತ್ತೆಯವರು ಎದೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ಪ್ಲಾಸ್ಟಿಕ್ ಸೀಟಿನ ಮೇಲೆ ಜಾರುತ್ತಿದ್ದಾರೆ. ನಮ್ಮವರು ಅಷ್ಟು ಚುರುಕಾಗಿ ರಿವರ್ಸ್ ತೆಗೆದದ್ದನ್ನು ನಾನು ಎಂದೂ ನೋಡಿಲ್ಲ. ಕೆಂಪು ಕಾರಿನವನು ಪಕ್ಕಕ್ಕೆ ಸರಿದು, ಕೈ ಎತ್ತಿ ಬೈದು, ಮುಂದೆ ಹೋದ. ನಾವು ಏರಿನ ಮೇಲೆ ಹಿಂದಕ್ಕೆ ಬಂದೆವು. ಮೂಲೆಯ ಅಪಾರ್ಟ್‌ಮೆಂಟಿನ ಗೇಟಿನ ಮೇಲೆ "ಡಾ." ಎಂಬ ಅಕ್ಷರ ಕಂಡಿತು. ಅಷ್ಟೇ ಸಾಕಾಯಿತು. ರಸ್ತೆಗಿಂತ ತಗ್ಗಿನಲ್ಲಿದ್ದ ಅವರ ಪಾರ್ಕಿಂಗಿನಲ್ಲಿ ಕಾರು ಬಿಟ್ಟು, ಅತ್ತೆಯವರನ್ನು ಇಬ್ಬರೂ ಆಚೀಚೆ ಹಿಡಿದು ಮೊದಲ ಮಹಡಿಗೆ ಹತ್ತಿಸಿದೆವು.

ಬಾಗಿಲು ತೆಗೆದವರು ಬೆಳ್ಳಿಗೂದಲಿನ, ದಪ್ಪ ಕನ್ನಡಕದ ಒಬ್ಬ ಕಾಕು (ಮರಾಠಿಯವರ ಚಿಕ್ಕಮ್ಮ). ನಮ್ಮವರು ಒಂದೇ ಉಸಿರಿಗೆ ಎಲ್ಲ ಹೇಳಿದರು. ಕಾಕು ಅತ್ತೆಯವರನ್ನು ದಿವಾನಿನ ಮೇಲೆ ಮಲಗಿಸಿ, ಬಹಳ ಸಂಕೋಚದಿಂದ ಹೇಳಿದರು: "ಅಹೋ, ಮೀ ತಸಲೀ ಡಾಕ್ಟರ್ ನಾಹೀ." ತಾನು ಆ ಥರದ ಡಾಕ್ಟರಲ್ಲವಂತೆ. ಅವರು ಡಾಕ್ಟರೇಟ್ ಮಾಡಿದ್ದು ಮರಾಠಿ ವ್ಯಾಕರಣದಲ್ಲಿ!

(ಪುಣೆಯಲ್ಲಿ ಇದೊಂದು ಅಪಾಯ. ಇಲ್ಲಿ "ಡಾ." ಎಂಬ ಬೋರ್ಡು ನಂಬಿ ಕಾಯಿಲೆ ಬೀಳುವಂತಿಲ್ಲ.)

ನಮ್ಮವರು ಫೋನಿಗೆ ಓಡಿದರು. ಫೋನ್ ಸತ್ತಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ. ಅವರು ಗ್ಯಾಲರಿಯಲ್ಲಿ (ಬಾಲ್ಕನಿಗೆ ಇಲ್ಲಿಯ ಹೆಸರು) ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಂತಾಗ ನಾನು ಅತ್ತೆಯವರ ಕೈ ಉಜ್ಜುತ್ತ ಕೂತಿದ್ದೆ. ಅಳು ಬರುತ್ತಿತ್ತು. ಆಗ ಅವರು ನನ್ನ ಬೆರಳು ಒತ್ತಿದರು. ಒಂದೇ ಕಣ್ಣು ತೆರೆದರು.

"ವೀಣಾ, ಆಕಿ ಚಾ ಮಾಡ್ತಾಳೇನು ಕೇಳು. ಸಕ್ರಿ ಸ್ವಲ್ಪ ಜಾಸ್ತಿ."

ನಾನು ಬಾಯಿ ತೆರೆದೆ. ಅವರು ಮತ್ತೆ ಬೆರಳು ಒತ್ತಿದರು. "ಅಂವಗ ಹೇಳಬ್ಯಾಡ. ನಮ್ಮ ಗೋಕಾಕದ ಕಡೆ ಹಳ್ಳ ನಾ ನೋಡೀನಿ. ನೀರು ಮುಂದಿಂದ ಬಂದು ತಡಿಯೂದಿಲ್ಲ, ಮಗ್ಗಲಿಂದ ಬಂದು ನೂಕ್ತದ. ಎತ್ತು ಸಹಿತ ಗಾಡಿ ಹೋಗಿದ್ದು ಕಣ್ಣಾರೆ ನೋಡೀನಿ."

ಅಷ್ಟರಲ್ಲಿ ಗ್ಯಾಲರಿಯಿಂದ ನಮ್ಮವರ ಕೂಗು. "ಅಯ್ಯಯ್ಯೋ, ಕಾರು!"

ಓಢಾದ ನೀರು ಹಿಂದಿನ ಗೋಡೆಯ ಸಂದಿಯಿಂದ ಪಾರ್ಕಿಂಗಿಗೆ ನುಗ್ಗಿತ್ತು. ಸ್ಕೂಟರುಗಳು ಒಂದಕ್ಕೊಂದು ಒರಗಿ ತೇಲಲು ನೋಡುತ್ತಿದ್ದವು. ನಮ್ಮವರು ಕೀಲಿಕೈ ಹಿಡಿದು ಬಾಗಿಲಿಗೆ ಓಡಿದರು. "ಎರಡ ನಿಮಿಷ! ಮ್ಯಾಲೆ ತಂದು ನಿಂದ್ರಸಿ ಬಂದ್ಬಿಡ್ತೀನಿ!"

"ಪಮ್ಯಾ! ಮತ್ತ ಬಂತೋ! ಈ ಸಲ ಭಾಳ ಅದ!"

ಕೀಲಿಕೈ ನೆಲಕ್ಕೆ ಬಿತ್ತು. ನಮ್ಮವರು ದಿವಾನಿನ ಪಕ್ಕ ಕುಕ್ಕರಿಸಿ ಅವ್ವನ ಕೈ ಹಿಡಿದರು. ಕಣ್ಣಲ್ಲಿ ನೀರಿತ್ತು. ಅತ್ತೆಯವರು ಆ ಕೈಯನ್ನು ಬಿಡಲಿಲ್ಲ. ಕಾಕು ಅಷ್ಟರಲ್ಲಿ ಮೆಟ್ಟಿಲ ಹತ್ತಿರದ ಮೇನ್ ಸ್ವಿಚ್ ಆಫ್ ಮಾಡಿ, ಕೆಳಗಿನವರಿಗೆಲ್ಲ ಮೇಲೆ ಬನ್ನಿ ಎಂದು ಕೂಗುತ್ತಿದ್ದರು. ಕಂಬ ಮುಟ್ಟಬೇಡಿ, ಗೇಟು ಮುಟ್ಟಬೇಡಿ. (ವ್ಯಾಕರಣದವರಾದ್ದರಿಂದ ಎಲ್ಲ ಕ್ರಿಯಾಪದಗಳೂ ಸ್ಪಷ್ಟವಾಗಿದ್ದವು.)

ಆಗ ಸೇತುವೆಯ ಕಡೆಯಿಂದ ಬೇರೊಂದು ಕೂಗು ಬಂತು. ಗ್ಯಾಲರಿಗೆ ಓಡಿದೆವು.

ಆ ಕೆಂಪು ಕಾರು. ಸೇತುವೆಯ ನಡುವೆ ಇಂಜಿನ್ ನಿಂತು ಆಗಿನಿಂದ ಅಲ್ಲೇ ಸಿಕ್ಕಿಕೊಂಡಿದೆ. ನೀರು ಅದರ ಹಿಂಭಾಗವನ್ನು ಎತ್ತಿ, ಆಟಿಕೆಯ ಹಾಗೆ ತಿರುಗಿಸಿ, ಕಟಕಟೆಗೆ ಒತ್ತಿ ಹಿಡಿದಿದೆ. ಕಿಟಕಿಯಿಂದ ಒಬ್ಬ ತರುಣ ಹೊರಗೆ ಬಂದು, ಕಂಬಿಯನ್ನು ತಬ್ಬಿಕೊಂಡು ನಿಂತಿದ್ದಾನೆ. ಪಾದ ಮುಳುಗುವಷ್ಟಿದ್ದ ನೀರು ಈಗ ಅವನ ತೊಡೆಗೆ ಬಂದಿತ್ತು. ಅವನು "ಹೆಲ್ಪ್! ಹೆಲ್ಪ್!" ಎನ್ನುತ್ತಿದ್ದ. ಮರದ ಕೊಂಬೆಯೊಂದು ಬಂದು ಅವನಿಗೆ ಬಡಿಯಿತು. ಹೆಲ್ಪ್ ನಿಂತಿತು. "ಅಯ್ಯೋ ಅಮ್ಮಾ! ಯಾರಾದ್ರೂ ಬನ್ರೋ!" ಎಂದು ಕೂಗಿದ.

ಕನ್ನಡ! ಪ್ರಾಣಕ್ಕೆ ಕುತ್ತು ಬಂದಾಗ ಮನುಷ್ಯನಿಗೆ ಇಂಗ್ಲಿಷ್ ಕೈಕೊಡುತ್ತದೆ ನೋಡಿ.

ಅತ್ತೆಯವರು ದಿವಾನಿನ ಮೇಲೆ ನೆಟ್ಟಗೆ ಎದ್ದು ಕೂತರು. "ಪಮ್ಯಾ, ಹಗ್ಗಾ ತಗೊಂಡು ಹೋಗು. ನೀರಿಗೆ ಮಾತ್ರ ಇಳೀಬ್ಯಾಡ. ಇಳದಿ ಅಂದ್ರ ನನ್ನಾಣಿ!"

ಎದೆನೋವು ಎಲ್ಲಿ ಹೋಯಿತು ಎಂದು ನಮ್ಮವರು ಕೇಳಲಿಲ್ಲ. ಕೇಳುವ ಹೊತ್ತೂ ಅಲ್ಲ. ಕಾಕು ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ಪ್ಯಾಂಟು ಲಂಗಗಳ ಸಮೇತ ಬಿಚ್ಚಿ ಕೊಟ್ಟರು. ನಮ್ಮವರು ಮುಂದಿನ ಮೆಟ್ಟಿಲಿಂದ ನೇರ ರಸ್ತೆಗೆ ಇಳಿದರು. ಅಲ್ಲಿ ಏರಿನಲ್ಲಿ ನೀರಿನ ಅಂಚಿಗೆ ಐದಾರು ಗಂಡಸರು ಸೇರಿದ್ದರು. ಒಬ್ಬ ಆಗಲೇ ಪ್ಯಾಂಟು ಮಡಚಿ ಇಳಿಯಲು ತಯಾರಾಗಿದ್ದ. ನಮ್ಮವರು ಅವನ ಕಾಲರ್ ಹಿಡಿದು ಹಿಂದಕ್ಕೆಳೆದರು. "ಕೋಣೀ ಪಾಣ್ಯಾತ ಉತರಾಯಚಂ ನಾಹೀ!" ಯಾರೂ ನೀರಿಗಿಳಿಯಬಾರದು! ಗ್ಯಾಲರಿಯಿಂದ ನಾನು ನೋಡುತ್ತಲೇ ಇದ್ದೆ. ಇಷ್ಟು ವರ್ಷ ಸೇಫ್ಟಿ ಕಮಿಟಿಯಲ್ಲಿ ಬಿಸ್ಕಿಟ್ ತಿಂದದ್ದು ಅಂದು ಕೆಲಸಕ್ಕೆ ಬಂತು. ಹಗ್ಗದ ತುದಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿದರು. ಇನ್ನೊಂದು ತುದಿಯನ್ನು ರಸ್ತೆ ಬದಿಯ ಮರಕ್ಕೆ ಸುತ್ತಿದರು. ಕ್ಯಾನನ್ನು ಸೇತುವೆಯ ಮೇಲ್ಬದಿಗೆ ಎಸೆದರು. ನೀರೇ ಅದನ್ನು ಹುಡುಗನ ಕಡೆ ಒಯ್ಯಬೇಕು. ಮೊದಲ ಸಲ ಒಯ್ಯಲಿಲ್ಲ. ಎರಡನೇ ಸಲ ಅವನು ಕೈ ಚಾಚಿ ಜಾರಿದ. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆಯವರು ಪಕ್ಕದಲ್ಲಿ "ರಾಯರ, ರಾಯರ" ಎನ್ನುತ್ತಿದ್ದರು. ಕಣ್ಣು ತೆರೆದಾಗ ಕ್ಯಾನು ಅವನ ಎದೆಯ ಹತ್ತಿರ ಇತ್ತು.

"ಸೊಂಟಕ್ಕ ಕಟ್ಟಿಕೋ! ಕಂಬಿ ಬಿಡಬ್ಯಾಡ! ಒಂದೊಂದ ಹೆಜ್ಜಿ!"

"ಬಿಟ್ಬಿಡ್ಬೇಡಿ ಸಾರ್!"

"ಬಿಡಂಗಿಲ್ಲೋ ತಮ್ಮಾ! ಬಾ ನೀ!"

ಕೊನೆಗೆ ಅವನ ಕಾಲು ಸೋತವು. ಗಂಡಸರೆಲ್ಲ ಸೇರಿ ಎಳೆದುಕೊಂಡರು. ಅವನನ್ನು ಮೆಟ್ಟಿಲು ಹತ್ತಿಸುತ್ತಿದ್ದ ಹಾಗೆಯೇ ಹಿಂದೆ ಕಟಕಟೆ ಮುರಿಯಿತು. ಕೆಂಪು ಕಾರು ಮೂತಿ ಕೆಳಗೆ ಮಾಡಿ ಓಢಾಕ್ಕೆ ಇಳಿದು, ಒಮ್ಮೆ ಹಿಂದಿನ ಗಾಜು ತೋರಿಸಿ, ಕಾಣದಾಯಿತು. ನಮ್ಮವರು ಆ ಖಾಲಿ ಜಾಗವನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು.

ಅವನ ಹೆಸರು ಕಾರ್ತಿಕ್. ಹಿಂಜವಾಡಿಯಲ್ಲಿ ಕೆಲಸ. ಕಾಕುವಿನ ಮನೆಯ ಶಾಲು ಹೊದ್ದು, ಹಲ್ಲು ಕಟಕಟ ಎನ್ನಿಸುತ್ತ ಹೇಳಿದ: "ಮುಂದೆ ಬಸ್ ಹೋಯ್ತಲ್ಲ ಆಂಟಿ, ಸೋ ನಾನೂ ಹೋಗ್ಬಹುದು ಅಂದ್ಕೊಂಡೆ."

ನಮ್ಮವರು ಸಿಡಿದೆದ್ದರು. "ಬಸ್ಸು ಹೋದ್ರ ನೀನೂ ಹೋಗಬೇಕೇನು? ಓದಿದಾವ ಇದ್ದೀ, ಇಷ್ಟು ತಿಳಿಯೂದಿಲ್ಲೇನು?"

ನಾನು ಚಹಾದ ಕಪ್ಪಿನೊಳಗೆ ಮುಖ ಇಟ್ಟುಕೊಂಡೆ. ಅತ್ತೆಯವರದು ಆಗಲೇ ಎರಡನೇ ಕಪ್ಪು.

ಸಂಜೆ ನೀರಿಳಿದ ಮೇಲೆ ಕಾರು ಎಳೆಸಿಕೊಂಡು ಮನೆಗೆ ಬಂದೆವು. ಒಳಗೆ ಮೊಣಕಾಲೆತ್ತರ ಕೆಸರು. (ಸೀಟುಗಳು ಮಾತ್ರ ಲಕಲಕ. ಪ್ಲಾಸ್ಟಿಕ್ ತೆಗೆಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ನಮ್ಮವರು ನನಗೆ ಇಲ್ಲಿಯವರೆಗೂ ಹೇಳುತ್ತಿದ್ದಾರೆ.) ಕಾರ್ಪೆಟ್ಟು ಈಗ ನಮ್ಮ ಗ್ಯಾಲರಿಯಲ್ಲಿ ಒಣಗುತ್ತಿದೆ. ಅದರ ವಾಸನೆಗೆ ಮೇಲಿನ ಮನೆಯವರು ಕಿಟಕಿ ಮುಚ್ಚಿದ್ದಾರೆ.

ಸೋಮವಾರ ನಮ್ಮವರು ಅತ್ತೆಯವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ ಇಸಿಜಿ ಮಾಡಿಸಿದರು. ಎಲ್ಲ ಸರಿ ಇದೆ ಎಂದರು ಡಾಕ್ಟರು (ಈ ಸಲ ನಿಜವಾದವರು). ಮಗನ ಮುಖ ನೋಡಿ, ಇವರದೂ ಬಿಪಿ ನೋಡೋಣ ಎಂದರು. ಅದು ಹೆಚ್ಚಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಅತ್ತೆಯವರು ಸುಮ್ಮನಿರುತ್ತಿದ್ದರೇನೋ. ಆದರೆ ನಮ್ಮವರು ಫೋನ್ ಹಿಡಿದರು. ಬೆಳಗಾವಿಗೆ, ಧಾರವಾಡಕ್ಕೆ, ಹಡಪಸರಕ್ಕೆ. "ನೀರಿನ ಓಟಾ ನೋಡಿದ ಕೂಡಲೇ ನಾ ರಿವರ್ಸ್ ಹಾಕಿದೆ. ನಮ್ಮ ಟ್ರೇನಿಂಗ್ ಹಂಗ ಇರ್ತದ." ನಳಿನಿಗೆ ಹೇಳುವ ಹೊತ್ತಿಗೆ ಆಣೆಕಲ್ಲು ತೆಂಗಿನಕಾಯಿಯಷ್ಟಾಗಿದ್ದವು.

ಶೇಂಗಾ ಸುಲಿಯುತ್ತಿದ್ದ ಅತ್ತೆಯವರು ತಲೆಯೆತ್ತದೆ ಹೇಳಿದರು. "ಪಮ್ಯಾ, ನನಗ ಎದಿನೋವು ಬಂದೇ ಇರ್ಲಿಲ್ಲೋ."

ಫೋನ್ ಕೆಳಗಿಳಿಯಿತು.

"ಅಂದ್ರ?"

"ಅಂದ್ರ ಬಂದಿರ್ಲಿಲ್ಲ."

"ಮತ್ತ ಇಸಿಜಿ?"

"ನೀ ಬಿಟ್ಟ್ಯೇನು?"

ನಮ್ಮವರು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಅವರ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ಬೇರೇನೋ ಬಂತು. ಮೆತ್ತಗೆ ಕೇಳಿದರು: "ಅಲ್ಲವ್ವಾ, ನಿಂದ್ರಸು ಅಂತ ಒಂದ ಮಾತು ಹೇಳಿದ್ರ ನಾ ನಿಂದ್ರಸ್ತಿದ್ದಿಲ್ಲೇನು?"

"ವೀಣಾ ಹೇಳಿದ್ಲಲ್ಲ. ಎರಡ ಸರ್ತಿ. ಕೇಳಸ್ಲಿಲ್ಲೇನು?"

ನಮ್ಮವರು ಎದ್ದು ಗ್ಯಾಲರಿಗೆ ಹೋಗಿ ಕಾರ್ಪೆಟ್ಟನ್ನು ಮಗ್ಗಲು ಬದಲಿಸಿ ಹಾಕಿದರು. ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದವರು ಯಾರೂ ಕೇಳದೇ ಚಹಾ ಮಾಡಿ ತಂದರು. ನನ್ನ ಕಪ್ಪು ಮೊದಲು ಕೊಟ್ಟರು. ಅದನ್ನು ನಾನು ಕ್ಷಮಾಪಣೆ ಎಂದು ಓದಿಕೊಂಡಿದ್ದೇನೆ. ಮೂಲದಲ್ಲಿ ಏನಿತ್ತೋ ಗೊತ್ತಿಲ್ಲ.

ಅತ್ತೆಯವರು ನಾಡಿದ್ದು ಬೆಳಗಾವಿಗೆ ಹೊರಟಿದ್ದಾರೆ. ಮಳೆಗಾಲ ಈಗಷ್ಟೇ ಶುರುವಾಗಿದೆ. ಮೋಡ ಕಟ್ಟುತ್ತವೆ, ಗಾಳಿ ಏಳುತ್ತದೆ, ಓಢಾಗಳು ಉಕ್ಕುತ್ತವೆ, ಬಸ್ಸುಗಳು ಮುಂದೆ ಹೋಗುತ್ತವೆ. ನಮ್ಮ ಮನೆಯಲ್ಲಂತೂ ಎದೆನೋವು ಇನ್ನು ನಡೆಯುವುದಿಲ್ಲ. ಬಾಯಿಬಿಟ್ಟು ಹೇಳಿದ ಒಂದು ಸಾದಾ "ನಿಲ್ಲಿಸಿ"ಗೇ ಗಾಡಿ ನಿಲ್ಲಬೇಕು.

ನಿಮ್ಮ ಮನೆಯ ಗಾಡಿ ನಿಲ್ಲುತ್ತದೆಯೇ?